ಬಾಜೂಕ ಬ್ಯಾರೆ ಬಣ್ಣ

ಬೇಸಿಗೆಯ ಮಧ್ಯಾಹ್ನ ಊಟ ಮುಗಿದು, ಮುಸುರೆ ತೊಳೆದು ಬೋರಲು ಹಾಕಿದ ಮೇಲೆ ಧಾರವಾಡದ ಕಡೆಯ ನಮ್ಮ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಕೌದಿ ಹರಡಿಕೊಳ್ಳುತ್ತಿತ್ತು. ಸವೆದ ಇಳಕಲ್ ಸೀರೆಯನ್ನು ಮಡಿಕೆ ಮಾಡಿ ನೆಲಕ್ಕೆ ಹಾಸುವರು. ಸರಿಯದ ಹಾಗೆ ನಾಲ್ಕೂ ಮೂಲೆಗೆ ಕಲ್ಲುಗುಂಡು, ಕುಟ್ಟಾಣಿ, ನೀರು ತುಂಬಿದ ಚರಿಗೆ, ಹೀಗೆ ಕೈಗೆ ಸಿಕ್ಕ ಭಾರ ಹೇರುವರು. ಪಕ್ಕದಲ್ಲಿ ಚಿಂದಿಯ ಗಂಟು ಬಿಚ್ಚಿಕೊಂಡಿರುತ್ತಿತ್ತು: ಅಜ್ಜನ ಧೋತರದ ಅಂಚು, ಅಪ್ಪನ ಶಾಲೆಯ ಖಾಕಿ ಚಡ್ಡಿ, ಯಾರದೋ ಸೀಮಂತದ ಖಣದ ಕುಪ್ಪಸದ ತೋಳು, ಬಣ್ಣ ಹೋದ ಪರಕಾರದ ನೆರಿಗೆ. ಸೂಜಿಗೆ ದಾರ ಪೋಣಿಸಿಕೊಡುವುದು ನನ್ನ ನೌಕರಿ. ಮುದುಕಿಯರ ಕಣ್ಣಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ.

ಒಂದು ದಿನ ಜೊತೆಗೆ ಹೊಲಿಯಲು ಬಂದಿದ್ದ ನೆರೆಮನೆಯಾಕೆ ಗಿಳಿಹಸಿರಿನ ತುಂಡೊಂದನ್ನು ಇಟ್ಟು ನೋಡಿ, ತೆಗೆದು, ಮತ್ತೆ ಇಟ್ಟು, ಬೇಸರದಿಂದ ಆಚೆ ಒಗೆದಳು.

“ಅತ್ತಿ, ಈ ಹಸರ ಇಲ್ಲಿ ಒಪ್ಪಂಗಿಲ್ಲ ನೋಡ್ರಿ.”

ಅಜ್ಜಿ ತಲೆಯೆತ್ತಲಿಲ್ಲ. “ಒಪ್ಪದಿದ್ರ ಬಾಜೂಕ ಬ್ಯಾರೆ ಬಣ್ಣ ಹಚ್ಚವಾ. ತಾನ ಒಪ್ಪತೈತಿ.”

ಹಸಿರನ್ನು ಬದಲಿಸಲು ಬರುವುದಿಲ್ಲ, ಇರುವುದೇ ಅದೊಂದು. ಬದಲಿಸಬಹುದಾದದ್ದು ಅದರ ನೆರೆಯನ್ನು. ಎಷ್ಟೋ ವರ್ಷಗಳ ಮೇಲೆ, ನೌಕರಿಯ ದಿನಗಳಲ್ಲಿ, ‘ಕ್ರಿಯೇಟಿವಿಟಿ’ ಕಲಿಸುವ ಒಂದು ದಿನದ ತರಬೇತಿಗೆ ನನ್ನನ್ನು ಕೂಡಿಸಿದ್ದರು. ಗೋಡೆಯ ತುಂಬ ಬಣ್ಣಬಣ್ಣದ ಅಂಟುಚೀಟಿ, ಮಧ್ಯೆ ಎರಡು ಸಲ ಚಹಾ-ಬಿಸ್ಕೀಟು. ಸಂಜೆ ಮನೆಗೆ ಬಂದು ನೋಡಿದರೆ ನನ್ನ ನೋಟುಬುಕ್ಕಿನಲ್ಲಿ ಅಜ್ಜಿಯ ಆ ಒಂದು ಮಾತಿಗಿಂತ ಹೆಚ್ಚಿನದೇನೂ ಇರಲಿಲ್ಲ. ಬಿಸ್ಕೀಟು ಚೆನ್ನಾಗಿತ್ತು.

ಸೃಜನಶೀಲತೆ ಎಂಬ ಪದ ಅಜ್ಜಿಗೆ ಗೊತ್ತಿರಲಿಲ್ಲ. ಅಭಿನಂದನಾ ಭಾಷಣ, ಪಠ್ಯಪುಸ್ತಕದ ಮುನ್ನುಡಿ, ಬಿನ್ನವತ್ತಳೆಗಳನ್ನು ಬಿಟ್ಟರೆ ನಮ್ಮ ಬಾಯಿಗಾದರೂ ಅದು ಎಲ್ಲಿ ಬರುತ್ತದೆ? ಮನೆಯ ಮಾತಿನಲ್ಲಿ ಉಪಾಯ ಇದೆ, ಯುಕ್ತಿ ಇದೆ, ಕೈಚಳಕ ಇದೆ. ಆದರೆ ಇವ್ಯಾವೂ ಪೂರ್ತಿ ಅದಲ್ಲ. ಅದಕ್ಕೆ ಹತ್ತಿರದ್ದು ನಾಮಪದವೇ ಅಲ್ಲ, ಕ್ರಿಯಾಪದ. ಹೊಳೆಯಿತು. ‘ನಾನು ಹೊಳೆಯಿಸಿದೆ’ ಎಂದು ಯಾರೂ ಅನ್ನುವುದಿಲ್ಲ, ‘ನನಗೆ ಹೊಳೆಯಿತು’ ಅನ್ನುತ್ತಾರೆ. ಹಸಿವಾಯಿತು, ನಿದ್ದೆ ಬಂತು, ನೆನಪಾಯಿತು ಎಂಬ ಸಾಲಿಗೇ ಅದನ್ನೂ ಸೇರಿಸಿದ್ದೇವೆ. ತಿಕ್ಕಿದ ತಂಬಿಗೆಯೂ ಹೊಳೆಯುತ್ತದೆ, ತಲೆಯೊಳಗಿನ ವಿಚಾರವೂ ಹೊಳೆಯುತ್ತದೆ. ತಂಬಿಗೆಯನ್ನು ಎಷ್ಟು ಹೊತ್ತು ತಿಕ್ಕಿದರೆಂಬುದು ಹಿತ್ತಿಲಲ್ಲಿ ಎಲ್ಲರಿಗೂ ಕಾಣುತ್ತದೆ, ವಿಚಾರವನ್ನು ಎಷ್ಟು ತಿಕ್ಕಿದೆವೆಂಬುದು ನಮಗೇ ಕಾಣುವುದಿಲ್ಲ.

ಇಂಗ್ಲೆಂಡಿನ ಗ್ರಹಾಂ ವಾಲಸ್ 1926ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಈ ತಿಕ್ಕಾಟವನ್ನು ನಾಲ್ಕು ಹಂತ ಮಾಡಿ ಹೇಳಿದ: ಮೊದಲು ತಯಾರಿ, ಆಮೇಲೆ ಕಾವು, ಆಮೇಲೆ ಹೊಳಹು, ಕೊನೆಗೆ ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆಯೇ ಎಂಬ ಪರೀಕ್ಷೆ. ಎರಡನೆಯ ಹಂತಕ್ಕೆ ಅವನು ಆರಿಸಿಕೊಂಡದ್ದು ಕೋಳಿ ಮೊಟ್ಟೆಯ ಮೇಲೆ ಕೂರುವ ಪದವನ್ನೇ. ರಾತ್ರಿ ಹಿಟ್ಟು ರುಬ್ಬಿಟ್ಟು ಮಲಗುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಾವು ಮಲಗಿದಾಗ ಹಿಟ್ಟು ತನ್ನ ಪಾಡಿಗೆ ಉಬ್ಬುತ್ತದೆ. ಆದರೆ ರುಬ್ಬದೆ ಮಲಗಿದವರ ಪಾತ್ರೆಯಲ್ಲಿ ಬೆಳಗ್ಗೆ ನೆನೆದ ಅಕ್ಕಿ ಮಾತ್ರ ಇರುತ್ತದೆ. ಸ್ನಾನದ ಮನೆಯಲ್ಲಿ ಥಟ್ಟನೆ ಹೊಳೆಯಿತು ಎಂದು ಹೇಳುವವರೆಲ್ಲ ಹಿಂದಿನ ದಿನ ಎಷ್ಟು ರುಬ್ಬಿದ್ದೆವೆಂಬುದನ್ನು ಹೇಳಲು ಮರೆಯುತ್ತಾರೆ.

ನಮ್ಮ ಕಾವ್ಯಮೀಮಾಂಸಕರು ಇದನ್ನೆಲ್ಲ ಪ್ರತಿಭೆ ಎಂದು ಕರೆದು ಶತಮಾನಗಟ್ಟಲೆ ಚರ್ಚೆ ಮಾಡಿದರು. ಭಟ್ಟತೌತನ ಪ್ರಕಾರ ಪ್ರತಿಭೆ ಎಂದರೆ ಹೊಸ ಹೊಸದಾಗಿ ಅರಳುತ್ತಲೇ ಇರುವ ಪ್ರಜ್ಞೆ. ಮಮ್ಮಟ ಹುಟ್ಟುಶಕ್ತಿಯ ಜೊತೆಗೆ ಲೋಕಜ್ಞಾನವೂ ಬೇಕು, ಅಭ್ಯಾಸವೂ ಬೇಕು ಎಂದ. ನನಗೆ ಇವರೆಲ್ಲರಿಗಿಂತ ಇಷ್ಟವಾಗುವವನು ಸುಮಾರು ಸಾವಿರದ ನೂರು ವರ್ಷಗಳ ಹಿಂದಿನ ರಾಜಶೇಖರ. ಅವನು ಪ್ರತಿಭೆಯನ್ನು ಎರಡು ಮಾಡಿದ: ಮಾಡುವವನದು ಕಾರಯಿತ್ರೀ, ಸವಿಯುವವನದು ಭಾವಯಿತ್ರೀ. ಅಂದರೆ ಕವಿತೆ ಕಟ್ಟಲು ಪ್ರತಿಭೆ ಬೇಕಾದಂತೆಯೇ ಅದನ್ನು ಕಂಡು ‘ಆಹಾ’ ಎನ್ನಲೂ ಪ್ರತಿಭೆ ಬೇಕು. ಕವಿಗೆ ಸಹೃದಯ ಸಿಕ್ಕ. ಕೌದಿಗೆ ಸಿಕ್ಕನೇ? ಅಜ್ಜಿ ಹೊಲಿದ ಕೌದಿಯ ಮೇಲೆ ನಾವೆಲ್ಲ ಮಲಗಿದೆವು, ಉಚ್ಚೆ ಹೊಯ್ದೆವು, ಜ್ವರ ಬಂದಾಗ ಮುಸುಕೆಳೆದೆವು. ಒಬ್ಬರೂ ಅದನ್ನು ನೋಡಲಿಲ್ಲ. ಪಟ್ಟಣದ ಪ್ರದರ್ಶನದಲ್ಲಿ ಅಂಥದೇ ಕೌದಿಯನ್ನು ಗೋಡೆಗೆ ತೂಗುಹಾಕಿ ಬೆಲೆಚೀಟಿ ಅಂಟಿಸಿದಾಗ ನಮಗೆ ಭಾವಯಿತ್ರೀ ಪ್ರತಿಭೆ ಒಮ್ಮೆಲೇ ಉಕ್ಕಿತು.

ಮನಃಶಾಸ್ತ್ರವೂ ಸೃಜನಶೀಲತೆಯ ಕಡೆಗೆ ಬಹುಕಾಲ ಕಣ್ಣುಹಾಯಿಸಲಿಲ್ಲ. 1950ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರ ಸಂಘದ ಅಧ್ಯಕ್ಷ ಭಾಷಣ ಮಾಡಿದ ಜೆ. ಪಿ. ಗಿಲ್ಫರ್ಡ್ ಒಂದು ಲೆಕ್ಕ ಒಪ್ಪಿಸಿದ. ಹಿಂದಿನ 23 ವರ್ಷಗಳಲ್ಲಿ ಆ ಶಾಸ್ತ್ರದ ಸಾರಸೂಚಿಯಲ್ಲಿ ದಾಖಲಾದ ಸುಮಾರು 1,21,000 ಬರಹಗಳಲ್ಲಿ ಸೃಜನಶೀಲತೆಗೆ ಸಂಬಂಧಪಟ್ಟವು 186 ಮಾತ್ರ. ಆ ಭಾಷಣದ ನಂತರ ಸಂಶೋಧನೆ ಚುರುಕಾಯಿತು. ಗಿಲ್ಫರ್ಡ್ ಮತ್ತು ಅವನ ಸಂಗಡಿಗರು ಬಳಕೆಗೆ ತಂದ ಪರೀಕ್ಷೆಗಳಲ್ಲೊಂದು ತೀರ ಸರಳವಾದದ್ದು: ಒಂದು ಇಟ್ಟಿಗೆಯಿಂದ ಏನೇನು ಮಾಡಬಹುದು, ಹೇಳಿ.

ಓದಿದಾಗ ನಗು ಬಂತು. ಅಜ್ಜಿಯ ಮನೆಯಲ್ಲಿ ಇಟ್ಟಿಗೆ ಮಂಚದ ಕಾಲಿಗೆ ಎತ್ತರ ಕೊಡುತ್ತಿತ್ತು, ಮದುವೆಯ ದಿನ ಹಿತ್ತಿಲಲ್ಲಿ ಒಲೆಯಾಗುತ್ತಿತ್ತು, ಬಚ್ಚಲಲ್ಲಿ ಹಿಮ್ಮಡಿ ತಿಕ್ಕುತ್ತಿತ್ತು, ಗಾಳಿಗೆ ಬಡಿಯುವ ಬಾಗಿಲನ್ನು ಹಿಡಿದು ನಿಲ್ಲಿಸುತ್ತಿತ್ತು. ಒಡೆದರೆ ಪುಡಿ ಮಾಡಿ ಹಿತ್ತಾಳೆ ಬೆಳಗುವರು. ಒಂದು ಚೂರು ಉಳಿದರೆ ಅದು ನಮ್ಮ ಕುಂಟಾಬಿಲ್ಲೆಯ ಬಿಲ್ಲೆ. ಗೋಡೆ ಕಟ್ಟುವುದಕ್ಕೂ ಇಟ್ಟಿಗೆ ಬೇಕಾಗುತ್ತದೆಂಬುದು ಪಟ್ಟಿಯಲ್ಲಿ ಕೊನೆಗೆ ಬರುತ್ತಿತ್ತೇನೋ.

ಹೊಸದಾಗಿರಬೇಕು, ಕೆಲಸಕ್ಕೂ ಬರಬೇಕು: ಸೃಜನಶೀಲತೆಗೆ ಪಂಡಿತರು ಸಾಮಾನ್ಯವಾಗಿ ಒಪ್ಪುವ ಲಕ್ಷಣ ಇಷ್ಟೇ. ಆದರೆ ಹೊಸದು ಯಾರಿಗೆ? ಬ್ರಿಟನ್ನಿನ ಮಾರ್ಗರೆಟ್ ಬೋಡನ್ 1990ರ ತಮ್ಮ ಪುಸ್ತಕದಲ್ಲಿ ಈ ಗಂಟನ್ನು ಬಿಡಿಸಿದರು. ಲೋಕದಲ್ಲಿ ಹಿಂದೆ ಯಾರಿಗೂ ಬಾರದ ವಿಚಾರ ಒಂದು ಬಗೆ, ಯೋಚಿಸಿದ ಆ ವ್ಯಕ್ತಿಗೆ ಮಾತ್ರ ಹೊಸದಾದದ್ದು ಇನ್ನೊಂದು ಬಗೆ. ಮನಸ್ಸಿನೊಳಗೆ ನಡೆಯುವ ಕೆಲಸ ಎರಡರಲ್ಲೂ ಒಂದೇ. ಮೊದಲನೆಯದನ್ನು ಇತಿಹಾಸ ಬರೆದಿಟ್ಟುಕೊಳ್ಳುತ್ತದೆ, ಅಷ್ಟೇ. 2009ರಲ್ಲಿ ಜೇಮ್ಸ್ ಕೌಫ್‌ಮನ್ ಮತ್ತು ರೊನಾಲ್ಡ್ ಬೆಗೆಟ್ಟೊ ಇದನ್ನೇ ಇನ್ನಷ್ಟು ಸೀಳಿ ನಾಲ್ಕು ಮೆಟ್ಟಿಲು ಮಾಡಿದರು. ಕಲಿಯುವವನಿಗೆ ಒಳಗೇ ಮೂಡುವ ಪುಟ್ಟ ಅರಿವು, ದಿನಬಳಕೆಯ ಜಾಣ್ಮೆ, ಕಸುಬುದಾರನ ಪಳಗಿದ ಕೈ, ಕಟ್ಟಕಡೆಗೆ ಯುಗವನ್ನೇ ತಿರುಗಿಸುವ ಮಹಾಪ್ರತಿಭೆ. ನನಗೇನೋ ಈ ಮೆಟ್ಟಿಲುಗಳ ಮೇಲೆ ಅಷ್ಟು ಭರವಸೆಯಿಲ್ಲ. ಕೌದಿ ಹೊಲಿಯುವವಳು ಎರಡನೆಯದರ ಮೇಲೋ ಮೂರನೆಯದರ ಮೇಲೋ ಎಂದು ಕೇಳಿದರೆ ಆಕೆ ಮೆಟ್ಟಿಲ ಮೇಲೆ ಕೌದಿ ಒಣಹಾಕಿಯಾಳು.

ಒಳಗೆ ನಿಜವಾಗಿ ಏನು ನಡೆಯುತ್ತದೆ ಎಂಬುದಕ್ಕೆ ಜರ್ಮನಿಯ ಕಾರ್ಲ್ ಡುಂಕರ್‌ನ ಮೇಣದಬತ್ತಿಯೇ ಒಳ್ಳೆಯ ದಾರಿದೀಪ. ಅವನು 1935ರಲ್ಲಿ ಪ್ರಕಟಿಸಿದ ಅಧ್ಯಯನವದು. ಮೇಜಿನ ಮೇಲೆ ಮೇಣದಬತ್ತಿ, ಕಡ್ಡಿ, ಪಿನ್ನುಮೊಳೆ, ಸಣ್ಣ ಡಬ್ಬಿ. ಬತ್ತಿಯನ್ನು ಕಣ್ಣಿನ ಎತ್ತರಕ್ಕೆ ಬಾಗಿಲಿಗೆ ನಿಲ್ಲಿಸಬೇಕು. ಉತ್ತರ ಸುಲಭ: ಡಬ್ಬಿಯನ್ನೇ ಬಾಗಿಲಿಗೆ ಮೊಳೆ ಹೊಡೆದು ಗೂಡು ಮಾಡಿ, ಬತ್ತಿಯನ್ನು ಅದರಲ್ಲಿಡುವುದು. ಡಬ್ಬಿ ಖಾಲಿ ಇದ್ದಾಗ ಜನರಿಗೆ ಇದು ಹೊಳೆಯಿತು. ಅದೇ ಡಬ್ಬಿಯಲ್ಲಿ ಮೊಳೆ ತುಂಬಿಟ್ಟಾಗ ಬಹಳ ಮಂದಿ ಸಿಕ್ಕಿಹಾಕಿಕೊಂಡರು. ಮೊಳೆ ತುಂಬಿದ ಡಬ್ಬಿ ಅವರ ಕಣ್ಣಿಗೆ ‘ಮೊಳೆ ಇಡುವುದು’ ಆಗಿಬಿಟ್ಟಿತ್ತು, ಡಬ್ಬಿಯಾಗಿ ಉಳಿದಿರಲಿಲ್ಲ. ವಸ್ತುವಿಗೆ ನಾವು ಒಂದು ಕೆಲಸ ಕೊಟ್ಟ ಮೇಲೆ ಆ ಕೆಲಸವೇ ಅದರ ಹೆಸರಾಗುತ್ತದೆ, ಹೆಸರು ವಸ್ತುವನ್ನು ಮುಚ್ಚುತ್ತದೆ.

ಮಕ್ಕಳಿಗೆ ಈ ಮುಚ್ಚಳ ತಡವಾಗಿ ಬೀಳುತ್ತದೆ. ಟಿಮ್ ಜರ್ಮನ್ ಮತ್ತು ಮಾರ್ಗರೆಟ್ ಡಿಫೀಟರ್ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಐದು ವರ್ಷದ ಮಕ್ಕಳಿಗೆ ಸಾಮಾನು ತುಂಬಿದ ಪೆಟ್ಟಿಗೆಯಾದರೂ ಒಂದೇ, ಖಾಲಿ ಪೆಟ್ಟಿಗೆಯಾದರೂ ಒಂದೇ. ಬೋರಲು ಹಾಕಿ ಏರಲು ಬರುವ ವಸ್ತು ಎಂದು ಅವರಿಗೆ ಕಂಡಿತು. ಆರು ಏಳು ವರ್ಷದವರು ಆಗಲೇ ದೊಡ್ಡವರಂತೆ ತಡವರಿಸಿದರು. ಮಾತಿನಲ್ಲೂ ಹಾಗೆಯೇ. ನಮ್ಮ ಅಣ್ಣನ ಮಗಳು ಮೂರು ವರ್ಷದವಳಿದ್ದಾಗ “ನಾ ಬಾಳೆಹಣ್ಣು ತಿನ್ನಿದೆ” ಅನ್ನುತ್ತಿದ್ದಳು. ಮನೆಯಲ್ಲಿ ಯಾರ ಬಾಯಲ್ಲೂ ಆಕೆ ‘ತಿನ್ನಿದೆ’ ಕೇಳಿರಲಿಕ್ಕಿಲ್ಲ. ಮಾಡು-ಮಾಡಿದೆ, ನೋಡು-ನೋಡಿದೆ ಎಂಬ ಜಾಡು ಹಿಡಿದು ತಾನೇ ಕಟ್ಟಿಕೊಂಡ ರೂಪ ಅದು. ನಾವು “ತಿಂದೆ ಅನ್ನಬೇಕವ್ವಾ” ಎಂದು ತಿದ್ದಿ ತಿದ್ದಿ ಬಿಡಿಸಿದೆವು. ವ್ಯಾಕರಣ ಗೆದ್ದಿತು, ನನಗೆ ಈಗಲೂ ಸ್ವಲ್ಪ ವ್ಯಥೆ.

ಇನ್ನು ಅಡುಗೆಮನೆ. ರವೆ ಇಡ್ಲಿ ಹುಟ್ಟಿದ ಕಥೆಯನ್ನು ಎಂಟಿಆರ್ ಹೋಟೆಲಿನವರು ಹೀಗೆ ಹೇಳುತ್ತ ಬಂದಿದ್ದಾರೆ: ಎರಡನೆಯ ಮಹಾಯುದ್ಧದ ಕಾಲ, ಬೆಂಗಳೂರಿನಲ್ಲಿ ಅಕ್ಕಿಯ ಅಭಾವ, ಅಕ್ಕಿಯ ಜಾಗಕ್ಕೆ ರವೆ ಹಾಕಿ ಇಡ್ಲಿ ಮಾಡಿ ನೋಡಿದರು. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತದ್ದು ಇತಿಹಾಸ. ಕಥೆಯನ್ನು ಕೇಳಿದವರು ‘ಓ, ಅಕ್ಕಿ ಇಲ್ಲದ್ದಕ್ಕೆ ರವೆ’ ಎಂದು ಮುಂದೆ ಹೋಗುತ್ತಾರೆ. ಅಲ್ಲೇ ಒಂದು ಗಳಿಗೆ ನಿಲ್ಲಬೇಕು. ಇಡ್ಲಿ ಮೆತ್ತಗಾಗುವುದು ಅಕ್ಕಿಯಿಂದಷ್ಟೇ ಅಲ್ಲ, ಉದ್ದು ಅಕ್ಕಿ ರಾತ್ರಿಯಿಡೀ ಹುಳಿಬಂದು ಹಿಟ್ಟಿನೊಳಗೆ ಗಾಳಿಗುಳ್ಳೆ ಕಟ್ಟುವುದರಿಂದ. ರವೆ ಇಡ್ಲಿಯಲ್ಲಿ ಆ ರಾತ್ರಿಯೇ ಇಲ್ಲ. ಹುಳಿ ಮೊಸರಿನಿಂದ ಬರುತ್ತದೆ. ಮೊಸರಿನ ಆಮ್ಲಕ್ಕೆ ಅಡುಗೆ ಸೋಡಾ ತಾಗಿದ ಕೂಡಲೇ ಇಂಗಾಲದ ಡೈಆಕ್ಸೈಡ್ ನೊರೆಗಟ್ಟುತ್ತದೆ, ಹಬೆಯಲ್ಲಿ ಅದೇ ಉಬ್ಬಾಗುತ್ತದೆ. ಎಂಟು ಗಂಟೆಯ ಕೆಲಸ ಕೆಲವೇ ನಿಮಿಷಕ್ಕೆ ಇಳಿಯಿತು. ರವೆಯನ್ನು ಮೊದಲೇ ಒಗ್ಗರಣೆಯಲ್ಲಿ ಹುರಿದದ್ದರಿಂದ ಅಂಟಲೂ ಇಲ್ಲ. ಇಷ್ಟನ್ನು ಮಾಡಬೇಕಾದರೆ ‘ಇಡ್ಲಿ ಎಂದರೆ ಏನು?’ ಎಂಬ ಪ್ರಶ್ನೆಯನ್ನು ಯಾರೋ ಒಲೆಯ ಮುಂದೆ ನಿಂತು ಕೇಳಿಕೊಂಡಿರಲೇಬೇಕು. ಅಕ್ಕಿಯೇ? ಅಲ್ಲ. ಗಾಳಿ ಮತ್ತು ಹಬೆ. ಡುಂಕರನ ಡಬ್ಬಿಯಿಂದ ಮೊಳೆ ಹೊರಗೆ ಸುರಿದಂತೆ ಇಡ್ಲಿಯಿಂದ ಅಕ್ಕಿ ಹೊರಗೆ ಬಿತ್ತು.

ಹೀರೇಕಾಯಿಯ ಸಿಪ್ಪೆಯನ್ನು ಹುರಿದು ಚಟ್ನಿ ಅರೆದವರು, ಕಲ್ಲಂಗಡಿಯ ಬಿಳಿ ಭಾಗವನ್ನು ದೋಸೆಗೆ ರುಬ್ಬಿದವರು, ಉಳಿದ ಇಡ್ಲಿಯನ್ನು ಪುಡಿಮಾಡಿ ಉಪ್ಪಿಟ್ಟು ಮಾಡಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಅವರ ಹೆಸರಿನಲ್ಲಿ ಹೋಟೆಲಿಲ್ಲ.

ಏನನ್ನು ಬೇಕಾದರೂ ಹೇಗೆ ಬೇಕಾದರೂ ಮಾಡುವ ಸ್ವಾತಂತ್ರ್ಯವಿದ್ದರೆ ಸೃಜನಶೀಲತೆ ಹೆಚ್ಚುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತೋ. ಕರಾವಳಿ, ಮಲೆನಾಡಿನ ತಾಳಮದ್ದಳೆಯನ್ನು ಒಂದು ರಾತ್ರಿ ಕೂತು ಕೇಳಿದರೆ ಅದು ಕರಗುತ್ತದೆ. ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಪ್ರಸಂಗ ಮೊದಲೇ ಗೊತ್ತು, ಭಾಗವತರು ಹಾಡುವ ಪದ್ಯ ಮೊದಲೇ ಬರೆದದ್ದು, ಕೊನೆಗೆ ಕರ್ಣ ಸಾಯುವುದೂ ವಾಲಿ ಬೀಳುವುದೂ ಖಚಿತ. ಪದ್ಯ ಮುಗಿದ ಮೇಲೆ ಅರ್ಥಧಾರಿ ಆಡುವ ಮಾತನ್ನು ಮಾತ್ರ ಯಾರೂ ಬರೆದುಕೊಟ್ಟಿಲ್ಲ. ಎದುರು ಕೂತವನು ಹೂಡುವ ವಾದವೇನೆಂದು ಅವನಿಗೆ ಗೊತ್ತಿಲ್ಲ. ಅಲ್ಲೇ, ಆಗಲೇ, ಪಾತ್ರದ ಸ್ವಭಾವ ಬಿಡದೆ, ಪುರಾಣ ಮೀರದೆ ಉತ್ತರ ಹೇಳಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ಈ ಮಾತುಗಾರಿಕೆಯಿಂದಲೇ ಮನೆಮಾತಾದರು. ನನಗೆ ಅವರಷ್ಟೇ ಮುಖ್ಯವಾಗಿ ಕಾಣುವವರು ಹೆಸರಿಲ್ಲದ ಅರ್ಥಧಾರಿಗಳು: ಹಗಲು ಶಾಲೆಯಲ್ಲಿ ಗಣಿತ ಹೇಳಿ, ಅಂಗಡಿಯಲ್ಲಿ ಸಕ್ಕರೆ ತೂಗಿ, ತೋಟದಲ್ಲಿ ಅಡಿಕೆ ಸುಲಿದು, ಸಂಜೆ ದೇವಸ್ಥಾನದ ಜಗಲಿಯಲ್ಲಿ ಶಾಲು ಹೊದ್ದು ಕೂತು ಕೃಷ್ಣನಾಗುವವರು. ಒಮ್ಮೆ ಎದುರಾಳಿಯ ಮಾತಿಗೆ ಸಿಕ್ಕಿಬಿದ್ದ ಒಬ್ಬರು ಸುಮ್ಮನೆ ನಕ್ಕು ಭಾಗವತರ ಕಡೆ ನೋಡಿದರು. ಆ ನಗು ಕೃಷ್ಣನದೋ ಅವರದೋ ತಿಳಿಯದೆ ಸಭೆ ಗೊಳ್ಳೆಂದಿತು. ಅಷ್ಟರಲ್ಲಿ ಅವರಿಗೆ ಉತ್ತರ ಸಿಕ್ಕಿತ್ತು.

ರಂಗೋಲಿಯಲ್ಲೂ ಹಾಗೆಯೇ. ಚುಕ್ಕಿ ಇಟ್ಟ ಮೇಲೆ ಎಳೆ ಚುಕ್ಕಿಯ ಮಾತು ಕೇಳಬೇಕು. ತಮಿಳುನಾಡಿನ ಕೋಲಂ ಎಳೆಗಳಲ್ಲಿ ಎಷ್ಟು ಬಿಗಿಯಾದ ನಿಯಮವಿದೆಯೆಂದರೆ ಚೆನ್ನೈನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲಿ ಅವನ್ನು ಕಂಪ್ಯೂಟರ್ ವಿಜ್ಞಾನದ ವ್ಯಾಕರಣಗಳ ಮೂಲಕ ವಿವರಿಸಿ ಪ್ರಬಂಧ ಬರೆದರು. ಬೆಳಗ್ಗೆ ಹಾಕಿದ್ದು ಮಧ್ಯಾಹ್ನದ ಹೊತ್ತಿಗೆ ಸೈಕಲ್ಲಿನ ಗಾಲಿಗೆ, ಇರುವೆಗೆ.

ಮತ್ತೆ ಕೌದಿಗೆ ಬರುತ್ತೇನೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿ ಹೆಣ್ಣುಮಕ್ಕಳ ಕೌದಿ ಈಗ ಹೊರನಾಡಿನ ಪ್ರದರ್ಶನಗಳಿಗೂ ಹೋಗಿದೆ. ಅವರ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು, ಬಹಳ ಮಂದಿ ಗುಲಾಮರಾಗಿ. ಅವರು ಹೊಲಿಗೆ ಶುರುಮಾಡುವುದು ಮೂಲೆಯಿಂದ. ಅಂಚಿನ ಗುಂಟ ತುಂಡು ಜೋಡಿಸುತ್ತ, ಸುತ್ತುತ್ತ ಸುತ್ತುತ್ತ ಒಳಕ್ಕೆ ಬಂದು ನಡುವಿಗೆ ಮುಗಿಸುತ್ತಾರೆ. ಮೊದಲೇ ಬರೆದುಕೊಂಡ ನಕ್ಷೆಯಿಲ್ಲ. ಮೂಲೆಗಳಲ್ಲಿ ಬಟ್ಟೆಯನ್ನು ಪದರ ಪದರವಾಗಿ ಮಡಿಸಿ ಕೂಡಿಸುವ ಸಣ್ಣ ತುಂಡಿಗೆ ‘ಫೂಲ’ ಎನ್ನುತ್ತಾರೆ, ಹೂವು. ಹೂವಿಲ್ಲದಿದ್ದರೆ ಕೌದಿ ಬತ್ತಲೆ ಎಂದು ಅವರ ಲೆಕ್ಕ. ಚಳಿ ತಡೆಯಲು ಹೂವು ಬೇಕಿಲ್ಲ. ಬಡತನ ಕೌದಿಯನ್ನು ಹೊಲಿಸಿತು ಎಂದರೆ ಒಪ್ಪಬಹುದು, ಮೂಲೆಯ ಹೂವನ್ನು ಬಡತನ ಹೊಲಿಸಲಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ‘ಕೊರತೆಯಿಂದಲೇ ಸೃಜನಶೀಲತೆ’ ಎಂಬ ಮಾತು ಈಚೆಗೆ ಬಹಳ ಅಗ್ಗವಾಗಿದೆ. ಟ್ರ್ಯಾಕ್ಟರಿನ ಬಿಡಿಭಾಗ ಸಿಗದೆ ರೈತ ತಂತಿ ಬಿಗಿದು ಕೆಲಸ ಸಾಗಿಸಿದರೆ ನಾವು ಮೊಬೈಲಿನಲ್ಲಿ ನೋಡಿ ಭೇಷ್ ಅನ್ನುತ್ತೇವೆ. ಬಿಡಿಭಾಗ ಏಕೆ ಸಿಗಲಿಲ್ಲ ಎಂದು ಕೇಳುವುದಿಲ್ಲ. ಅಜ್ಜಿಗೆ ಚಿಂದಿಯ ಬದಲು ಹೊಸ ಅರಿವೆ ಸಿಕ್ಕಿದ್ದರೆ ಆಕೆ ಖುಷಿಯಿಂದ ಹೊಸ ಅರಿವೆಯನ್ನೇ ಬಳಸುತ್ತಿದ್ದಳು, ಬಾಜೂಕ ಯಾವ ಬಣ್ಣ ಹಚ್ಚಬೇಕೆಂದು ಆಗಲೂ ಯೋಚಿಸುತ್ತಿದ್ದಳು. ಇಟ್ಟಿಗೆಗೆ ಆರು ಉಪಯೋಗ ಗೊತ್ತಿದ್ದ ಮನೆಯಲ್ಲಿ ಇದ್ದ ಇಟ್ಟಿಗೆಗಳೂ ಹೆಚ್ಚುಕಡಿಮೆ ಆರೇ ಎಂಬುದನ್ನು ಮರೆತು ಬರೆಯುವುದು ನನ್ನಂಥವರ ಚಾಳಿ.

ಕೊರತೆಗಿಂತ ಮುಖ್ಯವಾದದ್ದು ಸಲಿಗೆ ಎಂದು ನನಗನಿಸುತ್ತದೆ. ವಸ್ತುವಿನ ಜೊತೆ ಬಹಳ ದಿನ ಬದುಕಿದವರಿಗೇ ಅದು ತನ್ನ ಬೇರೆ ಮುಖ ತೋರಿಸುತ್ತದೆ. ಧೋತರ ನೀರು ಕುಡಿಯುತ್ತದೆ, ಖಣ ಜಾರುತ್ತದೆ, ಖಾಕಿ ಸೂಜಿಗೆ ಬಗ್ಗುವುದಿಲ್ಲ ಎಂದು ಅಜ್ಜಿಯ ಬೆರಳಿಗೆ ಗೊತ್ತಿತ್ತು. ಅರಿವೆ ಮುಟ್ಟದೆ, ಹಿಟ್ಟು ನಾದದೆ, ಪದ್ಯ ಬಾಯಿಪಾಠವಿಲ್ಲದೆ ಬರೀ ತಲೆಯಲ್ಲಿ ಹೊಸದನ್ನು ಹುಡುಕುವವರಿಗೆ ಅಂಟುಚೀಟಿಯೇ ಗತಿ.

ಅಜ್ಜಿಯ ಕೌದಿಗಳಲ್ಲಿ ಒಂದು ನನ್ನ ಪಾಲಿಗೆ ಬಂದು ಬೆಂಗಳೂರಿಗೆ ಬಂತು. ಹೋದ ತಿಂಗಳು ಬುದ್ಧಿಗೆಟ್ಟು ವಾಷಿಂಗ್ ಮಷೀನಿಗೆ ಹಾಕಿದೆ. ಅಂಗೈ ಅಗಲ ಕಿತ್ತುಬಂತು. ಮಗನ ಹಳೆಯ ಯೂನಿಫಾರ್ಮಿನ ನೀಲಿ ಪ್ಯಾಂಟು ಕತ್ತರಿಸಿ ತೇಪೆ ಇಟ್ಟು ನೋಡಿದೆ. ಮಾಸಿದ ಬಣ್ಣಗಳ ನಡುವೆ ಅದು ಪೊಲೀಸ್ ಚೌಕಿಯ ಹಾಗೆ ಕೂತಿತು. ಅವ್ವನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ.

“ಥಂಡಿಗೆ ಹೊಚ್ಚಗೊಳ್ಳಾಕ ಯಾವ ಬಣ್ಣ ಆದ್ರೇನವಾ, ಹಚ್ಚಿ ಹೊಲಿ,” ಅಂದು ಇಟ್ಟುಬಿಟ್ಟಳು.

ಸೂಜಿಗೆ ದಾರ ಪೋಣಿಸಲು ನೋಡಿದೆ. ಈಗ ನನಗೂ ಸೂಜಿಯ ಕಣ್ಣು ಕಾಣುವುದಿಲ್ಲ. ಮಗನನ್ನು ಕೂಗಿ ಪೋಣಿಸಿಕೊಂಡು, ತೇಪೆಯ ಒಂದು ಬದಿ ಹೊಲಿದು ಮುಗಿಸುವಷ್ಟರಲ್ಲಿ ಮತ್ತೆ ಅವ್ವನ ಫೋನು.

“ಅಲ್ಲಾ, ಹ್ವಾದ ದೀಪಾವಳಿಗೆ ನೀ ಹಾಕ್ಕೊಂಡಿದ್ದೆಲ್ಲ, ಆ ಹಳದಿ ಓಡಣಿ, ಅದು ಇನ್ನೂ ಐತೇನು?”